ಕತ್ತಿ ಹಿಡಿಯದವರ ಗುಳೆ

‘ಗುಳೆ’ ಎಂಬ ಮಾತು ನಮ್ಮ ನಾಡಿನವರಿಗೆ ಹೊಸದಲ್ಲ. ಕಂದಾಯದ ಭಾರವೋ, ಪಾಳೆಯಗಾರರ ಕಾಟವೋ, ದಂಡಿನ ಹಾವಳಿಯೋ ತಾಳಲಾರದಷ್ಟಾದಾಗ ಹಿಂದಿನ ಕಾಲದ ರೈತರು ಎತ್ತುಗಳನ್ನು ಹೊಡೆದುಕೊಂಡು, ಬಿತ್ತನೆಯ ಕಾಳನ್ನು ಕಟ್ಟಿಕೊಂಡು, ಪಕ್ಕದ ಸೀಮೆಗೆ ಹೊರಟುಹೋಗುತ್ತಿದ್ದರು. ಆ ಸೀಮೆಯ ದೊರೆಯು ಇಷ್ಟು ವರ್ಷ ಕಂದಾಯ ಕೇಳುವುದಿಲ್ಲವೆಂದು ಕೌಲು ಬರೆದುಕೊಟ್ಟು ಅವರನ್ನು ಬರಮಾಡಿಕೊಳ್ಳುವನು. ಬೀಳು ಬಿದ್ದ ಹೊಲಗಳನ್ನು ನೋಡಿ ಎಚ್ಚೆತ್ತ ಹಿಂದಿನ ದೊರೆಯೂ ತನ್ನದೊಂದು ಕೌಲನ್ನು ಕಳುಹಿಸಿ ಅವರನ್ನು ಹಿಂದಕ್ಕೆ ಕರೆಯುವನು. ಭೂಮಿ ಹೆಚ್ಚಾಗಿದ್ದು ಉಳುವ ಕೈಗಳು ವಿರಳವಾಗಿದ್ದ ಕಾಲದಲ್ಲಿ ಬಡರೈತನಿಗೆ ಇದ್ದ ಆಯುಧವು ಅದೊಂದೇ: ಎದ್ದು ಹೋಗುವುದು.

ಈ ಭಾಷಣದ ವಿಷಯವೂ ಇಂಥದೇ ಒಂದು ಗುಳೆ. ಆದರೆ ಅದು ನಡೆದದ್ದು ದೂರದ ರಷ್ಯಾ ದೇಶದಲ್ಲಿ; ಅದರ ಕಾರಣವು ಕಂದಾಯವಲ್ಲ, ಕಡ್ಡಾಯದ ಸೈನ್ಯಸೇವೆ. ಸೈನ್ಯಕ್ಕೆ ಸೇರಲೊಲ್ಲದೆ ದೇಶವನ್ನು ಬಿಟ್ಟವರನ್ನು ಹೇಡಿಗಳೆಂದು ಕೆಲವರೂ ಮಹಾತ್ಮರೆಂದು ಕೆಲವರೂ ಕರೆಯುತ್ತಾರೆ. ಆ ವಿವಾದವು ಧರ್ಮಶಾಸ್ತ್ರದ್ದು; ಇಲ್ಲಿ ನೋಡಬೇಕೆಂದಿರುವುದು ಲೆಕ್ಕದ ಪುಸ್ತಕವನ್ನು. ಅವರು ಹೋದದ್ದರಿಂದ ಬಿಟ್ಟ ದೇಶಕ್ಕೆ ಎಷ್ಟು ನಷ್ಟವಾಯಿತು, ಸೇರಿದ ದೇಶಕ್ಕೆ ಎಷ್ಟು ಲಾಭವಾಯಿತು? ಈ ಎರಡು ಮೊತ್ತಗಳು ಸಮನಾಗಿರಬೇಕೆಂದು ಮೊದಲ ನೋಟಕ್ಕೆ ತೋರುವುದು. ಹಾಗಿರಲಿಲ್ಲವೆಂಬುದೇ ಈ ಕಥೆಯ ಸ್ವಾರಸ್ಯ.

16ನೆಯ ಶತಮಾನದಲ್ಲಿ ಹಾಲೆಂಡು ಮತ್ತು ಉತ್ತರ ಜರ್ಮನಿಯ ಸೀಮೆಗಳಲ್ಲಿ ಮೆನೋ ಸೈಮನ್ಸ್ ಎಂಬ ಬೋಧಕನ ಉಪದೇಶವನ್ನು ಅನುಸರಿಸಿದ ಕ್ರೈಸ್ತಪಂಥದವರಿಗೆ ಮೆನೊನೈಟರೆಂದು ಹೆಸರಾಯಿತು. ಕತ್ತಿಯನ್ನು ಹಿಡಿಯಕೂಡದು, ಆಣೆಯನ್ನು ಇಡಕೂಡದು ಎಂಬುದು ಅವರ ಮತದ ಕಟ್ಟಳೆ. ಸ್ವದೇಶದಲ್ಲಿ ಹಿಂಸೆಯನ್ನು ಅನುಭವಿಸಿ ಅವರಲ್ಲಿ ಅನೇಕರು ಪೂರ್ವಕ್ಕೆ ಹೋಗಿ ವಿಸ್ಚುಲಾ ನದಿಯ ಮುಖಜ ಭೂಮಿಯಲ್ಲಿ, ಡಾನ್ಸಿಗ್ ಪಟ್ಟಣದ ಸುತ್ತಮುತ್ತ, ನೆಲೆಸಿದರು. ಅದು ಜವುಗು ನೆಲ. ಹಾಲೆಂಡಿನವರಿಗೆ ನೀರನ್ನು ಅಟ್ಟಿ ನೆಲವನ್ನು ಎತ್ತುವ ವಿದ್ಯೆ ಹುಟ್ಟಿನಿಂದ ಬಂದದ್ದು. ಏರಿಗಳನ್ನು ಕಟ್ಟಿ, ಕಾಲುವೆಗಳನ್ನು ತೋಡಿ, ಗಾಳಿಯಂತ್ರಗಳಿಂದ ನೀರೆತ್ತಿ, ಆ ಜವುಗನ್ನು ಅವರು ಹುಲುಸಾದ ಹೊಲಗಳನ್ನಾಗಿ ಮಾಡಿದರು.

1772ರಲ್ಲಿ ಪೋಲೆಂಡಿನ ಮೊದಲನೆಯ ವಿಭಾಗವಾದಾಗ ಈ ಪ್ರಾಂತವು ಪ್ರಷ್ಯಾದ ದೊರೆ ಫ್ರೆಡರಿಕನ ಕೈಗೆ ಬಂದಿತು. ಅವನ ರಾಜ್ಯದಲ್ಲಿ ಭೂಮಿಗೂ ಸಿಪಾಯಿಗೂ ಬಿಡಿಸಲಾರದ ಗಂಟು. ಇಷ್ಟು ಹೊಲಕ್ಕೆ ಇಷ್ಟು ಜನ ಸೈನಿಕರೆಂಬ ಏರ್ಪಾಡು. ಮೆನೊನೈಟನು ಒಂದು ಹೊಲವನ್ನು ಕೊಂಡನೆಂದರೆ ದೊರೆಯ ಪಟ್ಟಿಯಲ್ಲಿ ಒಂದು ಹೆಸರು ಕಡಿಮೆಯಾದಂತೆ. ಆದಕಾರಣ ಈ ಪಂಥದವರೆಲ್ಲರೂ ಸೇರಿ ವರ್ಷಕ್ಕೆ 5,000 ತಾಲರುಗಳನ್ನು ಕುಲ್ಮ್ ಪಟ್ಟಣದ ಸೈನಿಕ ಪಾಠಶಾಲೆಗೆ ಕೊಡತಕ್ಕದ್ದೆಂದು ಗೊತ್ತುಮಾಡಿದರು. ಯುದ್ಧವನ್ನು ಒಲ್ಲದವರ ಹಣದಿಂದ ಯುದ್ಧವಿದ್ಯೆಯನ್ನು ಕಲಿಸುವುದು! ಮನಸ್ಸಾಕ್ಷಿಗೆ ಅಂದಿನ ಸರ್ಕಾರವು ಕಟ್ಟಿದ ಬೆಲೆ ಇದು. ಫ್ರೆಡರಿಕನ ತರುವಾಯ 1789ರಲ್ಲಿ ಅವರು ಹೊಸದಾಗಿ ಭೂಮಿಯನ್ನು ಕೊಳ್ಳುವುದಕ್ಕೂ ನಿರ್ಬಂಧಗಳು ಬಂದುವು. ಮನೆಯಲ್ಲಿ ಮಕ್ಕಳು ಹೆಚ್ಚುತ್ತಿರುವಾಗ ಹೊಲವು ಹೆಚ್ಚಕೂಡದೆಂದರೆ ಬೇಸಾಯಗಾರನ ಗತಿಯೇನು?

ಅಷ್ಟರಲ್ಲಿಯೇ ರಷ್ಯಾದ ಚಕ್ರವರ್ತಿನಿ ಎರಡನೆಯ ಕ್ಯಾಥರೀನಳು ತುರ್ಕಿಯವರಿಂದ ಗೆದ್ದ ದಕ್ಷಿಣದ ಹುಲ್ಲುಬಯಲುಗಳಲ್ಲಿ ನೆಲೆಸುವುದಕ್ಕೆ ಜನರನ್ನು ಹುಡುಕುತ್ತಿದ್ದಳು. ಪರದೇಶದ ಬೇಸಾಯಗಾರರನ್ನು ಕರೆಯುವ ಅವಳ ಪ್ರಕಟನೆಯು 1763ರಲ್ಲಿಯೇ ಹೊರಟಿತ್ತು. 1789ರಲ್ಲಿ ನೀಪರ್ ನದಿಯ ದಡದ ಖೋರ್ಟಿಟ್ಸದಲ್ಲಿಯೂ 1804ರಲ್ಲಿ ಮೊಲೋಚ್ನ ಹೊಳೆಯ ಬಳಿಯಲ್ಲಿಯೂ ಮೆನೊನೈಟರು ಹಳ್ಳಿಗಳನ್ನು ಕಟ್ಟಿದರು. ಒಂದೊಂದು ಸಂಸಾರಕ್ಕೆ 65 ದೆಸ್ಯತೀನ, ಎಂದರೆ ಸುಮಾರು 175 ಎಕರೆ ಭೂಮಿ. 1800ರಲ್ಲಿ ಚಕ್ರವರ್ತಿ ಪಾಲನು ಸನ್ನದೊಂದನ್ನು ದಯಪಾಲಿಸಿ, ಅವರಿಗೂ ಅವರ ಸಂತತಿಯವರಿಗೂ ಸೈನ್ಯಸೇವೆಯಿಂದ ಶಾಶ್ವತವಾದ ಮಾಫಿಯನ್ನು ಕೊಟ್ಟನು. ಶಾಶ್ವತವೆಂಬ ಮಾತಿಗೆ ರಾಜ್ಯಗಳ ನಿಘಂಟಿನಲ್ಲಿ ಅರ್ಥವೇನೆಂಬುದು ಮುಂದೆ ತಿಳಿಯುವುದು.

ಆ ಬಯಲು ಗಾಳಿಯ ಬಯಲು. ಮರವಿಲ್ಲ, ಮಳೆ ಸ್ವಲ್ಪ, ಚಳಿ ಕಠಿನ. ಜವುಗಿನ ನೀರನ್ನು ಹೊರಗೆ ಹಾಕುವುದನ್ನು ಬಲ್ಲ ಜನರು ಇಲ್ಲಿ ಬಿದ್ದ ಹನಿಯನ್ನು ನೆಲದಲ್ಲಿ ಹಿಡಿದಿಡುವುದನ್ನು ಕಲಿಯಬೇಕಾಯಿತು. ಅವರಿಗೆ ಇದನ್ನು ಕಲಿಸಿದವರಲ್ಲಿ ಯೊಹಾನ್ ಕಾರ್ನೀಸ್ ಎಂಬಾತನು ಮುಖ್ಯನು. 1848ರಲ್ಲಿ ತೀರಿಕೊಂಡ ಈತನು ಕೃಷಿಸಂಘದ ಮುಖಂಡನಾಗಿ, ಹೊಲದ ಒಂದು ಭಾಗವನ್ನು ಬೆಳೆಯಿಡದೆ ಉತ್ತು ಕರಿದಾಗಿ ಬಿಟ್ಟು ತೇವವನ್ನು ಕೂಡಿಡುವ ಪದ್ಧತಿಯನ್ನೂ ಬೆಳೆಗಳ ಸರದಿಯನ್ನೂ ಮರಗಳ ಸಾಲನ್ನೂ ಜಾರಿಗೆ ತಂದನು. ಹೇಳಿದ ಮಾತನ್ನು ಕೇಳದವರ ಮೇಲೆ ಬಲವನ್ನೂ ಪ್ರಯೋಗಿಸಿದನು. ಹಳ್ಳಿಯ ಹಿರಿಯರಿಗೆ ಆತನ ದರ್ಪವು ಹಿಡಿಸಲಿಲ್ಲ. ಆದರೆ ಹೊಲಗಳು ಅವನ ಪರವಾಗಿ ಸಾಕ್ಷಿ ನುಡಿದುವು. ಕುರಿಯ ಉಣ್ಣೆಯಿಂದ ಈ ಹಳ್ಳಿಗಳು ಕ್ರಮೇಣ ಗೋಧಿಗೆ ತಿರುಗಿದುವು. ಅದು ಶರತ್ಕಾಲದಲ್ಲಿ ಬಿತ್ತಿ, ಹಿಮದ ಹೊದಿಕೆಯ ಕೆಳಗೆ ಚಳಿಗಾಲವನ್ನು ಕಳೆದು, ಬೇಸಗೆಯ ಬಿಸಿಗಾಳಿ ಬಲವಾಗುವುದಕ್ಕೆ ಮುಂಚೆ ಕೊಯ್ಲಿಗೆ ಬರುವ ಗಟ್ಟಿಕಾಳಿನ ಕೆಂಪು ಗೋಧಿ. ಕಥೆಯ ನಿಜವಾದ ನಾಯಕನು ಈ ಕಾಳೇ.

1853ರಿಂದ 1856ರ ವರೆಗೆ ನಡೆದ ಕ್ರಿಮಿಯ ಯುದ್ಧದಲ್ಲಿ ರಷ್ಯಾ ಸೋತಿತು. ಆ ಯುದ್ಧದಲ್ಲಿ ಮೆನೊನೈಟರು ಬಂದೂಕನ್ನು ಹಿಡಿಯಲಿಲ್ಲ. ಆದರೆ ತಮ್ಮ ಬಂಡಿಗಳಲ್ಲಿ ದಂಡಿಗೆ ಸಾಮಾನನ್ನು ಸಾಗಿಸಿದರು, ಗಾಯಾಳುಗಳನ್ನು ತಂದು ಶುಶ್ರೂಷೆ ಮಾಡಿದರು. ಸೋಲಿನಿಂದ ಸರ್ಕಾರವು ಕಲಿತ ಪಾಠ ಬೇರೆ. 1861ರಲ್ಲಿ ಜೀತದ ರೈತರ ಬಿಡುಗಡೆಯಾಯಿತು. ಅನಂತರ 1874ರ ಜನವರಿ 1ರಂದು ಯುದ್ಧಮಂತ್ರಿ ಮಿಲ್ಯೂಟಿನನ ಹೊಸ ಕಾನೂನು ಹೊರಟಿತು. 20 ವರ್ಷ ತುಂಬಿದ ಪ್ರತಿಯೊಬ್ಬ ಗಂಡಸೂ, ಪ್ರಭುವಿನ ಮಗನಾಗಲಿ ರೈತನ ಮಗನಾಗಲಿ, ಚೀಟಿ ಎತ್ತಬೇಕು. ಚೀಟಿ ಬಿದ್ದವನು ಆರು ವರ್ಷ ದಂಡಿನಲ್ಲಿಯೂ ಒಂಬತ್ತು ವರ್ಷ ಮೀಸಲಿನಲ್ಲಿಯೂ ಇರಬೇಕು. ನ್ಯಾಯವಾಗಿ ಹೇಳುವುದಾದರೆ ಇದು ಕ್ರೂರವಾದ ಕಾನೂನಲ್ಲ. ಹಿಂದೆ ಬಡ ರೈತನ ಮಗನೊಬ್ಬನೇ ತನ್ನ ಆಯುಷ್ಯದ ಸಾರವನ್ನೆಲ್ಲ ದಂಡಿನಲ್ಲಿ ಸವೆಸುತ್ತಿದ್ದನು. ಈಗ ಭಾರವು ಎಲ್ಲರ ಹೆಗಲಿಗೂ ಹಂಚಿತು. ನೆರೆಹಳ್ಳಿಯ ರಷ್ಯನ್ ರೈತನಿಗೆ, 175 ಎಕರೆಯ ಯಜಮಾನನ ಮಗನು ಮನೆಯಲ್ಲಿ ಕುಳಿತಿರುವಾಗ ತನ್ನ ಮಗನೇ ಏಕೆ ಹೋಗಬೇಕೆಂಬ ಪ್ರಶ್ನೆ ಏಳದೆ ಇದ್ದೀತೆ? ಸಮಾನತೆಯ ಹೆಸರಿನಲ್ಲಿ ಬಂದ ಕಾನೂನೇ ಒಂದು ಸಣ್ಣ ಪಂಗಡಕ್ಕೆ ದೇಶಭ್ರಷ್ಟತೆಯ ಆಜ್ಞೆಯಾಗಿ ಕಂಡದ್ದು ಇತಿಹಾಸದ ತೊಡಕುಗಳಲ್ಲಿ ಒಂದು.

ಕಾನೂನಿನ ಸುದ್ದಿ ಹಬ್ಬಿದ ಕೂಡಲೆ ಮೆನೊನೈಟರ ನಿಯೋಗಗಳು ರಾಜಧಾನಿಗೆ ಅಲೆದುವು. 1873ರಲ್ಲಿ ಹನ್ನೆರಡು ಮಂದಿ ಪ್ರತಿನಿಧಿಗಳು ಅಮೆರಿಕಕ್ಕೆ ಹೋಗಿ ನೆಲವನ್ನು ನೋಡಿಕೊಂಡು ಬಂದರು. ಇಡೀ ಜನಾಂಗವೇ ಎದ್ದುಹೋಗುವ ಸೂಚನೆ ಕಂಡ ಮೇಲೆ ಚಕ್ರವರ್ತಿ ಎರಡನೆಯ ಅಲೆಗ್ಸಾಂಡರನು 1874ರಲ್ಲಿ ಸೆವಾಸ್ಟಪೋಲಿನ ಕೋಟೆಯನ್ನು ಕಾದ ಪ್ರಸಿದ್ಧ ಸೇನಾನಿ ಟೋಟ್ಲೆಬೆನನನ್ನು ಅವರ ಮನವೊಲಿಸುವುದಕ್ಕೆ ಕಳುಹಿಸಿದನು. ಇವನು ತಂದ ಕೌಲು ಹೀಗಿತ್ತು: ಬಂದೂಕು ಬೇಡ, ಯುವಕರು ಸೈನ್ಯಕ್ಕೆ ಬದಲಾಗಿ ಕಾಡಿನ ಇಲಾಖೆಯಲ್ಲಿ ಕೆಲಸಮಾಡಿ ಹುಲ್ಲುಬಯಲಿನಲ್ಲಿ ಮರಗಳನ್ನು ಬೆಳೆಸಲಿ, ಅವರ ಬಿಡಾರದ ವೆಚ್ಚವನ್ನು ಅವರ ಪಂಗಡದವರೇ ವಹಿಸಲಿ. ಸುಮಾರು ಮೂರರಲ್ಲಿ ಎರಡು ಪಾಲು ಜನರು ಇದಕ್ಕೆ ಒಪ್ಪಿ ನಿಂತರು. ಉಳಿದ ಒಂದು ಪಾಲು, ಸುಮಾರು 18,000 ಜನ, ಮುಂದಿನ ಹತ್ತು ವರ್ಷಗಳಲ್ಲಿ ಸಮುದ್ರವನ್ನು ದಾಟಿದರು. ಬೆರ್ಗ್‌ಟಾಲ್ ಎಂಬ ವಸತಿಯು ಹೆಚ್ಚು ಕಡಮೆ ಪೂರ್ತಿಯಾಗಿ ಖಾಲಿಯಾಯಿತು. ಅಲೆಗ್ಸಾಂಡರ್‌ವೋಲ್ ಎಂಬ ಹಳ್ಳಿಯ ಸಭೆಯು ತನ್ನ ಹಿರಿಯನೊಡನೆ ಒಟ್ಟಿಗೆ ಹಡಗು ಹತ್ತಿತು. ಅವಸರದಲ್ಲಿ ಮಾರಿದ ಮನೆಮಾರುಗಳಿಗೆ ನಿಜವಾದ ಬೆಲೆ ಬರಲಿಲ್ಲವೆಂದು ಹೇಳಬೇಕಾದುದಿಲ್ಲ.

ಇಲ್ಲಿ ಒಂದು ಮಾತನ್ನು ಮರೆಮಾಚಬಾರದು. ಹೊರಟವರೆಲ್ಲರೂ ಕೇವಲ ಮತಕ್ಕಾಗಿಯೇ ಹೊರಟರೆಂದರೆ ಸತ್ಯಕ್ಕೆ ದೂರ. ಒಂದು ಹೊಲವನ್ನು ಒಡೆಯಕೂಡದೆಂಬ ನಿಯಮದಿಂದ, 1860ರ ಸುಮಾರಿಗೆ ಮೊಲೋಚ್ನದ ಅರ್ಧಕ್ಕಿಂತ ಹೆಚ್ಚು ಸಂಸಾರಗಳಿಗೆ ಪೂರ್ಣವಾದ ಹಿಡುವಳಿ ಇರಲಿಲ್ಲ. ಅಣ್ಣನು ಹೊಲಕ್ಕೆ ಒಡೆಯನು, ತಮ್ಮನು ಕೂಲಿ. ಕಡ್ಡಾಯದ ಸೇವೆಯು ಬಾಗಿಲನ್ನು ತೆರೆಯಿತು. ಆ ಬಾಗಿಲಿನಿಂದ ಹೊರಟವರಲ್ಲಿ ಭೂಮಿಯ ಹಸಿವಿನವರೂ ಇದ್ದರು.

ಇನ್ನು ಅಮೆರಿಕದ ಕಡೆಗೆ ನೋಡೋಣ. ಸುಮಾರು 10,000 ಜನರು ಸಂಯುಕ್ತ ಸಂಸ್ಥಾನಗಳಿಗೂ ಉಳಿದವರು ಕೆನಡಾದ ಮ್ಯಾನಿಟೋಬಕ್ಕೂ ಹೋದರು. ಎರಡು ಕಡೆಯಲ್ಲಿಯೂ ಅವರಿಗಾಗಿ ಸ್ಪರ್ಧೆಯೇ ನಡೆಯಿತು. ಕೆನಡಾ ಸರ್ಕಾರವು 1873ರಲ್ಲಿ ಸೈನ್ಯಸೇವೆಯಿಂದ ಪೂರ್ಣ ವಿನಾಯಿತಿಯನ್ನೂ ಪ್ರತ್ಯೇಕವಾದ ಭೂಭಾಗವನ್ನೂ ಬರೆದುಕೊಟ್ಟಿತು. ವಾಷಿಂಗ್ಟನ್ನಿನವರು ಬರವಣಿಗೆಯಲ್ಲಿ ಮಾಫಿಯನ್ನು ಕೊಡಲಿಲ್ಲ. ಆದರೆ ಮುಂದಿನ ಐವತ್ತು ವರ್ಷಗಳಲ್ಲಿ ಜನರನ್ನು ಬಲವಂತವಾಗಿ ಕರೆಯಬೇಕಾದ ಯುದ್ಧವು ಬರಲಾರದೆಂದು ಅಧ್ಯಕ್ಷ ಗ್ರಾಂಟನ ಪರವಾಗಿ ಸಮಾಧಾನ ಹೇಳಿದರು. ಕ್ಯಾನ್ಸಸ್ ಸಂಸ್ಥಾನವು 1874ರಲ್ಲಿ ತನ್ನ ದಂಡಿನ ಕಾನೂನನ್ನೇ ತಿದ್ದಿ, ಮತದ ಕಾರಣದಿಂದ ಒಲ್ಲದವರಿಗೆ ಬಿಡುಗಡೆ ಕೊಟ್ಟಿತು. ಈ ಔದಾರ್ಯದ ಹಿಂದೆ ಸಾಂಟಾ ಫೆ ರೈಲ್ವೆ ಕಂಪೆನಿ ಇದ್ದಿತು. ಹಳಿ ಹಾಕಿದ್ದಕ್ಕಾಗಿ ಆ ಕಂಪೆನಿಗೆ ಸುಮಾರು 30 ಲಕ್ಷ ಎಕರೆ ಭೂಮಿ ಇನಾಮಾಗಿ ಬಂದಿದ್ದಿತು. ಕೊಳ್ಳುವವರಿಲ್ಲದ ಭೂಮಿ, ಸಾಗಿಸುವ ಸರಕಿಲ್ಲದ ರೈಲು! ಹಣವೂ ಕಸಬೂ ಇರುವ ಬೇಸಾಯಗಾರರು ಹಳ್ಳಿ ಹಳ್ಳಿಯಾಗಿ ಬರುವರೆಂದರೆ ಬಿಡುವರೆ? ಕ್ಯಾನ್ಸ ಎಂಬ ಆದಿನಿವಾಸಿಗಳನ್ನು ಆ ಸಂಸ್ಥಾನದಿಂದ ಹೊರಡಿಸಿದ್ದು 1873ರಲ್ಲಿ. ಬಲವಂತಕ್ಕೆ ಹೆದರಿ ಬಂದವರಿಗೆ ನೆಲೆ ಸಿಕ್ಕಿದ್ದು ಬಲವಂತದಿಂದ ತೆರವಾದ ನಾಡಿನಲ್ಲಿ ಎಂಬುದನ್ನು ಆ ಕಾಲದ ಲೆಕ್ಕಿಗರು ಬರೆದುಕೊಳ್ಳಲಿಲ್ಲ.

ಅವರು ಕ್ಯಾನ್ಸಸ್ಸಿಗೆ ಬಂದ 1874 ಮಿಡಿತೆಗಳ ವರ್ಷ. ಮೋಡದಂತೆ ಬಂದಿಳಿದ ಮಿಡಿತೆಗಳು ಮುಸುಕಿನ ಜೋಳದ ಹೊಲಗಳನ್ನು ಬೋಳು ಮಾಡಿದುವು. ಎಷ್ಟೋ ಜನರು ಊರು ಬಿಟ್ಟರು. ಹೊಸಬರು ತಮ್ಮ ಗಂಟಿನಲ್ಲಿ ತಂದಿದ್ದ ಕೆಂಪು ಗೋಧಿಯನ್ನು ಶರತ್ಕಾಲದಲ್ಲಿ ಬಿತ್ತಿದರು. ಮಿಡಿತೆ ಬರುವ ವೇಳೆಗೆ, ಬಿಸಿಗಾಳಿ ಏಳುವ ವೇಳೆಗೆ, ಈ ಬೆಳೆ ಕಣಕ್ಕೆ ಬಂದಿರುತ್ತಿತ್ತು. ಇದಕ್ಕೆ ಅಲ್ಲಿಯವರು ‘ಟರ್ಕಿ ರೆಡ್’ ಎಂದು ಹೆಸರಿಟ್ಟರು. ಒಬ್ಬ ಪುಟ್ಟ ಬಾಲಕಿಯು ಹೊರಡುವ ಮುನ್ನ ಕಾಳು ಕಾಳಾಗಿ ಆರಿಸಿ ತಂದ ಬೀಜದಿಂದಲೇ ಅಮೆರಿಕದ ಗೋಧಿಯೆಲ್ಲ ಬೆಳೆಯಿತೆಂದು ಆ ಸೀಮೆಯಲ್ಲಿ ಕಥೆಯೊಂದು ಉಂಟು. ಕೇಳುವುದಕ್ಕೆ ಸೊಗಸು, ನಂಬಬೇಕಾಗಿಲ್ಲ. ನಿಜವು ನಿಧಾನವಾದದ್ದು. ಕಾಳು ಬಹು ಗಟ್ಟಿಯಾದುದರಿಂದ ಕಲ್ಲಿನ ಗಿರಣಿಗಳಲ್ಲಿ ನುಣ್ಣಗೆ ಬೀಸಲು ಬರುತ್ತಿರಲಿಲ್ಲ. ಗಿರಣಿಯವರು ಮೂಗು ಮುರಿದು ಕಡಿಮೆ ಬೆಲೆಗೆ ಕೇಳಿದರು. ಉಕ್ಕಿನ ಉರುಳೆಗಳ ಗಿರಣಿಗಳು ಬಂದ ಮೇಲೆ, ಬರ್ನ್‌ಹಾರ್ಡ್ ವಾರ್ಕೆಂಟೀನನಂಥ ಮೆನೊನೈಟ್ ಗಿರಣಿಗಾರರು ರಷ್ಯಾದಿಂದ ಮತ್ತೆ ಬೀಜವನ್ನು ತರಿಸಿದ ಮೇಲೆ, ಸರ್ಕಾರದ ಕೃಷಿಶಾಸ್ತ್ರಜ್ಞ ಮಾರ್ಕ್ ಕಾರ್ಲ್‌ಟನ್ನನು ಶತಮಾನದ ಕೊನೆಯಲ್ಲಿ ತಾನೇ ರಷ್ಯಾಕ್ಕೆ ಹೋಗಿ ಇನ್ನಷ್ಟು ತಳಿಗಳನ್ನು ಆರಿಸಿ ತಂದ ಮೇಲೆ, ಅದು ಹಬ್ಬಿತು. 1919ರಲ್ಲಿ ತಳಿಗಳ ಗಣತಿಯಾದಾಗ, ಸಂಯುಕ್ತ ಸಂಸ್ಥಾನಗಳ ಗೋಧಿಯ ಹೊಲಗಳಲ್ಲಿ ಮೂರನೆಯ ಒಂದರ ಸಮೀಪದಷ್ಟು ಈ ಒಂದು ಬಗೆಯ ಗೋಧಿಯೇ ಇದ್ದಿತು.

ಹಾಗಾದರೆ ಬೀಜವನ್ನು ತಂದದ್ದೇ ಅವರ ಉಪಕಾರವೇ? ಬೀಜವನ್ನು ಅಂಚೆಯಲ್ಲಿಯೂ ಕಳುಹಿಸಬಹುದು. ಮಳೆ ಕಡಿಮೆಯ ಬಯಲಿನಲ್ಲಿ ಯಾವಾಗ ಉಳಬೇಕು, ಯಾವಾಗ ಬಿತ್ತಬೇಕು, ತೇವವನ್ನು ಹೇಗೆ ಉಳಿಸಬೇಕು ಎಂಬ ತಿಳಿವಳಿಕೆಯು ಅಂಚೆಯಲ್ಲಿ ಬರುವುದಿಲ್ಲ. ಎರಡು ತಲೆಮಾರುಗಳು ರಷ್ಯಾದ ಬಯಲಿನಲ್ಲಿ ಸೋತು ಗೆದ್ದು ಕಲಿತ ಪಾಠವು ಒಂದು ಹಡಗಿನ ಪ್ರಯಾಣದಲ್ಲಿ ಕ್ಯಾನ್ಸಸ್ಸಿಗೆ ಬಂದು ಇಳಿಯಿತು. ಮ್ಯಾನಿಟೋಬದಲ್ಲಿ ಇದು ಇನ್ನೂ ಸ್ಪಷ್ಟ. ಮರವೂ ಹೊಳೆಯೂ ಇಲ್ಲದ ಬಟ್ಟಬಯಲಿನಲ್ಲಿ ಸಂಸಾರ ಮಾಡಲಾಗದೆಂದು ಇತರ ವಲಸೆಗಾರರು ಹೊಳೆಯ ದಡವನ್ನೇ ಹಿಡಿದಿದ್ದರು. ಮೆನೊನೈಟರು ಬಯಲಿಗೆ ನೇರವಾಗಿ ಹೋಗಿ, ಸಗಣಿಯನ್ನೂ ಹುಲ್ಲನ್ನೂ ಕಲಸಿ ನಮ್ಮ ಬೆರಣಿಯಂಥ ಉರುವಲನ್ನು ಮಾಡಿ, ದೊಡ್ಡ ಇಟ್ಟಿಗೆಯ ಒಲೆಗಳನ್ನು ಕಟ್ಟಿ, ಆ ಘೋರವಾದ ಚಳಿಯನ್ನು ಕಳೆದರು. ಅವರಿಗೆ ಕೆನಡಾ ಸರ್ಕಾರವು ಒಂಟೇರಿಯೋ ಪ್ರಾಂತದ ಮೆನೊನೈಟರ ಜಾಮೀನಿನ ಮೇಲೆ 96,400 ಡಾಲರುಗಳಷ್ಟು ಸಾಲ ಕೊಟ್ಟಿತ್ತು. 1892ರ ವೇಳೆಗೆ ಅದು ತೀರಿಹೋಯಿತು.

ಈ ಗೋಧಿಯ ಪ್ರಯಾಣವು ಅಮೆರಿಕದಲ್ಲಿಯೇ ನಿಲ್ಲಲಿಲ್ಲ. ಅಲ್ಲಿಂದ ಜಪಾನಿಗೆ ಹೋದ ಟರ್ಕಿ ರೆಡ್ಡನ್ನು ಅಲ್ಲಿಯ ತಳಿಗಾರರು ಗಿಡ್ಡ ಜಾತಿಯ ಸಂತತಿಯೊಡನೆ ಕೂಡಿಸಿ 1935ರಲ್ಲಿ ‘ನೋರಿನ್ 10’ ಎಂಬ ತಳಿಯನ್ನು ಹೊರತಂದರು. ಅದು ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕಕ್ಕೆ ಮರಳಿ, ನಾರ್ಮನ್ ಬೋರ್ಲಾಗ್ ಅವರ ಕೈಯಲ್ಲಿ ಮೆಕ್ಸಿಕೋ ದೇಶದ ಗಿಡ್ಡಗೋಧಿಗಳಿಗೆ ಮೂಲವಾಯಿತು. 1966ರಲ್ಲಿ ಭಾರತವು ತರಿಸಿದ 18,000 ಟನ್ ಬಿತ್ತನೆಯ ಕಾಳು ಆ ವಂಶದ್ದು. ಗಿಡ್ಡತನವು ಜಪಾನಿನ ಕೊಡುಗೆ, ಟರ್ಕಿ ರೆಡ್ಡಿನದಲ್ಲ. ಆದರೂ 1968ರ ಪಂಜಾಬಿನ ತುಂಬು ಕಣಜಗಳ ವಂಶಾವಳಿಯಲ್ಲಿ ತ್ಸಾರ್ ದೊರೆಯ ಚೀಟಿಗೆ ಅಂಜಿ ಹೊರಟವರ ಕಾಳೂ ಒಂದು ಎಂಬುದು ಸುಳ್ಳಲ್ಲ.

ರಷ್ಯಾಕ್ಕೆ ಆದ ನಷ್ಟವೆಷ್ಟು? ಆ ಕಾಲದ ಖಜಾನೆಯ ಲೆಕ್ಕದಲ್ಲಿ ಅದು ಕಾಣುವುದೇ ಇಲ್ಲ. ಭೂಮಿ ಅಲ್ಲಿಯೇ ಉಳಿಯಿತು. ಹೋದವರ ಹೊಲಗಳನ್ನು ಉಳಿದವರು ಕೊಂಡರು. ಗೋಧಿಯ ರಫ್ತು ಇಳಿಯುವುದರ ಬದಲು ಏರಿತು. ಉಳಿದವರು ಹೊಸ ವಸತಿಗಳನ್ನು ಕಟ್ಟಿದರು, ನೇಗಿಲು ಕುಯ್ಲುಯಂತ್ರಗಳ ಕಾರ್ಖಾನೆಗಳನ್ನು ಹೂಡಿದರು. 1914ರ ವೇಳೆಗೆ ಸುಮಾರು 1,00,000 ಮಂದಿಯಾಗಿದ್ದರು. 1881ರಿಂದ ಅವರ ಯುವಕರು ಕಾಡಿನ ಬಿಡಾರಗಳಲ್ಲಿ ಗಿಡ ನೆಟ್ಟರು. ಮೊದಲನೆಯ ಮಹಾಯುದ್ಧದಲ್ಲಿ ಸಾವಿರಾರು ಮಂದಿ ಗಾಯಾಳುಗಳ ರೈಲುಗಳಲ್ಲಿ ದುಡಿದರು. ಟೋಟ್ಲೆಬೆನನ ಕೌಲಿನಿಂದ ಸರ್ಕಾರಕ್ಕೆ ಒಂದು ಸಣ್ಣ ರಿಯಾಯಿತಿಯ ವೆಚ್ಚದಲ್ಲಿ ಮೂರರಲ್ಲಿ ಎರಡು ಪಾಲು ಜನರು ಉಳಿದುಕೊಂಡರು. ಇಷ್ಟು ಅಗ್ಗದ ವ್ಯಾಪಾರವನ್ನು ಆ ಸಾಮ್ರಾಜ್ಯವು ಹೆಚ್ಚಾಗಿ ಮಾಡಿರಲಾರದು. ಹೋದವರಿಂದಾದ ನಷ್ಟವು ಕಾಣಿಸಿದ್ದು ಬೇರೆ ಕಡೆಯಲ್ಲಿ, ಇಂಗ್ಲೆಂಡಿನ ರೇವುಗಳಲ್ಲಿ. ಒಡೆಸ್ಸದ ಹಡಗುಗಳು ತಂದ ಗೋಧಿಯ ಪಕ್ಕದಲ್ಲಿ ಅಮೆರಿಕದ ಗೋಧಿ ಪ್ರತಿಸ್ಪರ್ಧಿಯಾಗಿ ಬಂದು ನಿಂತಿತು; ಅದರಲ್ಲಿ ರಷ್ಯಾದ ಹುಲ್ಲುಬಯಲಿನ ಕಾಳಿನ ಮಕ್ಕಳೂ ಇದ್ದುವು. ಇಂಥ ನಷ್ಟವನ್ನು ಬರೆಯುವುದಕ್ಕೆ ಯಾವ ಮಂತ್ರಿಯ ಲೆಕ್ಕದಲ್ಲಿಯೂ ಅಂಕಣವಿಲ್ಲ.

ಕ್ರಾಂತಿಯೂ ಅಂತರ್ಯುದ್ಧವೂ ಬಂದು, 1921-22ರಲ್ಲಿ ಅದೇ ಬಯಲಿನಲ್ಲಿ ಕ್ಷಾಮವಾದಾಗ, ಹಿಂದೆ ಓಡಿಹೋದವರ ಮಕ್ಕಳು ಅಮೆರಿಕದಿಂದ ಅನ್ನವನ್ನು ಕಳುಹಿಸಿದರು. ಸತ್ತ ಕುದುರೆಗಳಿಗೆ ಬದಲಾಗಿ ಉಳುವುದಕ್ಕೆ 50 ಫೋರ್ಡ್‌ಸನ್ ಟ್ರಾಕ್ಟರುಗಳನ್ನು ಕಳುಹಿಸಿದರು. 1923ರಿಂದ ಮುಂದೆ ಸುಮಾರು 20,000 ಮಂದಿ ಕೆನಡಾಕ್ಕೆ ಹೋದರು. ಅವರಲ್ಲಿ ಅನೇಕರ ಪ್ರಯಾಣಕ್ಕೆ ರೈಲ್ವೆ ಕಂಪೆನಿಯು ಕಡ ಕೊಟ್ಟಿತ್ತು. ಬಡ್ಡಿಯೊಡನೆ 19 ಲಕ್ಷ ಡಾಲರುಗಳನ್ನು ಮೀರಿದ ಆ ಸಾಲವು 1946ರಲ್ಲಿ ತೀರಿತು.

ಗ್ರಾಂಟನ ಐವತ್ತು ವರ್ಷಗಳು ತುಂಬಲಿಲ್ಲ. 44ನೆಯ ವರ್ಷದಲ್ಲಿ, 1917ರಲ್ಲಿ, ಅಮೆರಿಕವು ಮಹಾಯುದ್ಧಕ್ಕೆ ಇಳಿದು ಕಡ್ಡಾಯದ ಸೇವೆಯ ಕಾನೂನನ್ನು ಮಾಡಿತು. ಮೆನೊನೈಟರ ಜ್ಞಾತಿಗಳಾದ ಹುಟರೈಟರು 1874ರಿಂದ ರಷ್ಯಾವನ್ನು ಬಿಟ್ಟುಬಂದು ಡಕೋಟದಲ್ಲಿ ನೆಲೆಸಿದ್ದರು. ಅವರ ವಸತಿಗಳಲ್ಲಿ ಹೊಲವೂ ದನವೂ ಹಣವೂ ಎಲ್ಲರಿಗೂ ಸಾಮಾನ್ಯ. ಮಾತು ಜರ್ಮನ್, ಉಡುಪು ಹಳೆಯದು, ಯುದ್ಧಕ್ಕೆ ಬರುವುದಿಲ್ಲ. ನೆರೆಯವರ ಕಣ್ಣು ಕೆಂಪಾಗಲು ಮತ್ತೇನು ಬೇಕು? ಸಮವಸ್ತ್ರವನ್ನು ತೊಡಲೊಲ್ಲದ ನಾಲ್ವರು ಯುವಕರನ್ನು ಆಲ್ಕಟ್ರಾಜ್ ದ್ವೀಪದ ಸೆರೆಮನೆಯಲ್ಲಿಟ್ಟರು. ಅವರಲ್ಲಿ ಇಬ್ಬರು ಸಹೋದರರು 1918ರ ಕೊನೆಯಲ್ಲಿ ಲೆವೆನ್‌ವರ್ತಿನ ಸೈನಿಕ ಸೆರೆಮನೆಗೆ ಬಂದ ಮೇಲೆ ಸತ್ತುಹೋದರು. ಯುದ್ಧದ ಸಾಲಪತ್ರಗಳನ್ನು ಕೊಳ್ಳಲಿಲ್ಲವೆಂದು ಒಂದು ವಸತಿಯ ದನಕುರಿಗಳನ್ನು ಜನರು ಹೊಡೆದುಕೊಂಡು ಹೋಗಿ ಹರಾಜು ಹಾಕಿದರು. ಹುಟರೈಟರು ಜಗಳವಾಡಲಿಲ್ಲ. ಗಂಟು ಕಟ್ಟಿದರು. ಕೆನಡಾದಲ್ಲಿ 1899ರ ಆಜ್ಞೆಯಿಂದ ಅವರಿಗೆ ಮಾಫಿ ಇತ್ತು. 1918ರಿಂದ ವಸತಿಯ ಮೇಲೆ ವಸತಿ ಮ್ಯಾನಿಟೋಬ, ಆಲ್ಬರ್ಟ ಪ್ರಾಂತಗಳಿಗೆ ಹೊರಟಿತು. ಅಲ್ಲಿಯೂ ಸ್ವಾಗತವು ಬೇಗ ಹಳಸಿತು. 1919ರಲ್ಲಿ ಕೆನಡಾ ಸರ್ಕಾರವು ಈ ಪಂಥಗಳವರ ಪ್ರವೇಶವನ್ನು ನಿಷೇಧಿಸಿ, 1922ರಲ್ಲಿ ನಿಷೇಧವನ್ನು ತೆಗೆಯಿತು.

ದಕ್ಷಿಣ ಡಕೋಟದವರು ಈ ನಷ್ಟವನ್ನು ಆಗ ಎಣಿಸಲಿಲ್ಲ. ಹತ್ತು ಹದಿನೈದು ವರ್ಷಗಳ ಮೇಲೆ ಜಗತ್ತಿಗೆಲ್ಲ ಆರ್ಥಿಕ ಮುಗ್ಗಟ್ಟು ಬಂದಿತು. ಮಳೆ ಹೋಯಿತು, ಧೂಳು ಎದ್ದಿತು, ರೈತರು ಹೊಲಗಳನ್ನು ಬಿಟ್ಟು ಹೊರಟರು, ತೆರಿಗೆಗಳು ಬಾಕಿ ಬಿದ್ದುವು. ಸರ್ಕಾರದ ಸಹಾಯವನ್ನು ಬೇಡದೆ ಬೇಸಾಯ ಮಾಡಬಲ್ಲವರು, ಕೈಯಲ್ಲಿ ಹಣವಿಟ್ಟುಕೊಂಡು ಭೂಮಿಯನ್ನು ಕೊಳ್ಳಬಲ್ಲವರು ಯಾರೆಂದು ನೋಡಿದಾಗ ಹಿಂದೆ ಹೊರಡಿಸಿದವರ ನೆನಪಾಯಿತು. 1935ರಲ್ಲಿ ಆ ಸಂಸ್ಥಾನದ ಶಾಸನಸಭೆಯು ಸಾಮುದಾಯಿಕ ವಸತಿಗಳಿಗೆ ಅನುಕೂಲವಾದ ಒಂದು ಕಾನೂನನ್ನು ಮಾಡಿತು. ಹೆಸರು ಏನೇ ಇರಲಿ, ನಮ್ಮ ಹಿರಿಯರ ಮಾತಿನಲ್ಲಿ ಅದೂ ಒಂದು ಕೌಲೇ. ಕೆಲವು ವಸತಿಗಳವರು ಮರಳಿ ಬಂದು ಹಳೆಯ ಹೊಲಗಳಲ್ಲಿ ನೇಗಿಲು ಹೂಡಿದರು. ಹೆಚ್ಚು ಮಂದಿ ಅಷ್ಟರೊಳಗೆ ಕೆನಡಾದಲ್ಲಿ ಬೇರುಬಿಟ್ಟಿದ್ದರು, ಅವರು ಬರಲಿಲ್ಲ.